ಕೀಲೆಣ್ಣೆ ಬೇಡವೆಂದ ಕೀಲು

ಎತ್ತಿನ ಗಾಡಿ ಹೂಡುವ ಮುನ್ನ ಗಾಲಿಯ ಗುಂಬಕ್ಕೆ ಕೀಲೆಣ್ಣೆ ಬಿಡುವುದು ಹಳ್ಳಿಯ ಮಕ್ಕಳೂ ಬಲ್ಲ ಕೆಲಸವಾಗಿತ್ತು. ಎಣ್ಣೆ ಒಣಗಿದ ಗಾಡಿ ಊರಾಚೆ ಇರುವಾಗಲೇ ಕಿರುಗುಟ್ಟಿ ತನ್ನ ಬರವನ್ನು ಸಾರುತ್ತಿತ್ತು. ಅಚ್ಚು ಮತ್ತು ಗುಂಬ ಒಂದನ್ನೊಂದು ಉಜ್ಜುತ್ತವೆ. ಉಜ್ಜಿದಲ್ಲಿ ಸವೆತ, ಸವೆತವನ್ನು ಮುಂದೂಡಲು ಎಣ್ಣೆ. ಚಕ್ರ ಹುಟ್ಟಿದಂದಿನಿಂದ ಈ ಲೆಕ್ಕ ಬದಲಾಗಿರಲಿಲ್ಲ. ಮೋಟಾರು ಬಂದ ಮೇಲೂ ಮೊದಲ ಕೆಲವು ದಶಕ ಅದು ಹಾಗೆಯೇ ಉಳಿಯಿತು.

ಇಂದಿನ ಒಂದು ಕಾರಿನ ಅಡಿಗೆ ಬಗ್ಗಿ ನೋಡಿದರೆ ಚಕ್ರಕ್ಕೂ ಕಾರಿನ ಮೈಗೂ ನಡುವೆ ಹಲವಾರು ಕೀಲುಗಳು ಕಾಣುತ್ತವೆ. ಗುಂಡಿ ಸಿಕ್ಕಾಗ, ಬ್ರೇಕು ಒತ್ತಿದಾಗ, ತಿರುವಿನಲ್ಲಿ ಹೊರಳಿದಾಗ ಇವೆಲ್ಲ ಅಲುಗುತ್ತಲೇ ಇರುತ್ತವೆ. ಆದರೆ ಬಹುಪಾಲು ಕೀಲುಗಳಿಗೆ ಯಾರೂ ಎಣ್ಣೆ ಹಾಕುವುದಿಲ್ಲ. ಹಾಕಲು ಅಲ್ಲಿ ತೂತೂ ಇಲ್ಲ. ಕಾರಣ ಇಷ್ಟೇ: ಅಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ನಡುವೆ ಬಳೆಯಂಥ ಒಂದು ರಬ್ಬರು ತುಂಡು ಕೂತಿದೆ. ಗ್ಯಾರೇಜಿನ ಭಾಷೆಯಲ್ಲಿ ಅದರ ಹೆಸರು ಬುಷ್.

ಬುಷ್ ಚೆನ್ನಾಗಿರುವಷ್ಟು ಕಾಲ ಅದರ ನೆನಪು ಯಾರಿಗೂ ಬರುವುದಿಲ್ಲ. ಹಾಳಾದಾಗ ಮಾತ್ರ ಬರುತ್ತದೆ. ಹಂಪು ದಾಟುವಾಗ ಕೆಳಗಿನಿಂದ ಲೊಟಕ್ಕೆಂಬ ಸದ್ದು, ಬ್ರೇಕು ಒತ್ತಿದರೆ ಕಾರು ಒಂದು ಕಡೆಗೆ ಎಳೆದಂತೆ, ಟೈರಿನ ಒಳ ಅಂಚು ಮಾತ್ರ ಬೋಳಾದಂತೆ. ಮೆಕ್ಯಾನಿಕ್ ಒಂದು ಉದ್ದನೆಯ ಸಲಾಕೆ ಹಾಕಿ ಮೀಟಿ ನೋಡಿ, ‘ಬುಷ್ ಹೋಗಿದೆ ಸಾರ್’ ಎನ್ನುತ್ತಾನೆ. ಆಗ ಮಾಲೀಕನ ಮುಂದೆ ಎರಡು ದಾರಿ. ಕಾರಿನ ಜೊತೆ ಬಂದಂಥದೇ ಕಪ್ಪು ರಬ್ಬರಿನ ಬುಷ್ ಒಂದು. ಹೊರಗಿನ ತಯಾರಕರು ಮಾರುವ, ಕೆಂಪು ಹಳದಿ ನೇರಳೆ ಬಣ್ಣಗಳಲ್ಲೂ ಸಿಗುವ, ಇನ್ನೂ ಗಟ್ಟಿಯಾದ ಪಾಲಿಯುರಿಥೇನ್ ಬುಷ್ ಇನ್ನೊಂದು. ಎರಡನೆಯದಕ್ಕೆ ‘ಅಪ್‌ಗ್ರೇಡ್’ ಎಂಬ ಆಕರ್ಷಕ ಹೆಸರಿದೆ. ಹೆಸರು ಹೇಳುವಷ್ಟು ಸರಳವೇ ಆ ವ್ಯವಹಾರ ಎಂಬುದನ್ನು ತಿಳಿಯಬೇಕಾದರೆ ಸುಮಾರು ಒಂದು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಗ್ರೀಸಿನ ಕಾಲ

ಮೊದಲ ಮೋಟಾರುಗಳ ಕೆಳಭಾಗ ಕುದುರೆ ಸಾರೋಟಿನ ಕೆಳಭಾಗವೇ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು, ಅದರ ಎರಡು ತುದಿಗಳಲ್ಲಿ ಸುರುಳಿ ಸುತ್ತಿದ ‘ಕಣ್ಣು’, ಕಣ್ಣಿನೊಳಗೆ ಕಂಚಿನ ಬಳೆ, ಬಳೆಯೊಳಗೆ ಉಕ್ಕಿನ ಪಿನ್ನು. ಕಂಚು ಮೆದು, ಉಕ್ಕು ಗಟ್ಟಿ. ಸವೆಯಬೇಕಾದದ್ದು ಅಗ್ಗದಲ್ಲಿ ಬದಲಿಸಬಹುದಾದ ಕಂಚು ಎಂಬುದು ಹಳೆಯ ಕಮ್ಮಾರಿಕೆಯ ಜಾಣತನ. ಸಾರೋಟು ನಡೆದ ವೇಗಕ್ಕೆ ಇದು ಸಾಕಾಗಿತ್ತು. ಮೋಟಾರು ಅದರ ಹಲವು ಪಟ್ಟು ವೇಗದಲ್ಲಿ, ಧೂಳು ಕೆಸರು ಎರಚಿಕೊಂಡು ಓಡಿತು. ಕೆಸರಿನ ಮರಳು ಕೀಲಿಗೆ ನುಗ್ಗಿ ಅರಗಲ್ಲಿನಂತೆ ಕೆಲಸ ಮಾಡಿತು.

ಹೀಗಾಗಿ ಆ ಕಾಲದ ಕಾರು ಇಟ್ಟುಕೊಂಡವನು, ಅಥವಾ ಅವನ ಡ್ರೈವರು, ಗ್ರೀಸಿನ ದಾಸ. ಸ್ಪ್ರಿಂಗು, ಸ್ಟೀರಿಂಗು, ಬ್ರೇಕಿನ ಸರಳು ಎಲ್ಲ ಸೇರಿ ಹತ್ತಾರು ಕಡೆ ಕೆಲವು ನೂರು ಮೈಲಿಗೊಮ್ಮೆ ಎಣ್ಣೆಯನ್ನೋ ಗ್ರೀಸನ್ನೋ ತುಂಬಬೇಕಿತ್ತು. ಒತ್ತಡದಿಂದ ಗ್ರೀಸು ನುಗ್ಗಿಸುವ ಗನ್ನು ಬಂದದ್ದು ಇದೇ ತಾಪತ್ರಯದಿಂದ. ಆಸ್ಟ್ರಿಯಾ ಮೂಲದ ಆಸ್ಕರ್ ಜರ್ಕ್ ಅಮೆರಿಕದಲ್ಲಿ 1929ರಲ್ಲಿ ಪೇಟೆಂಟು ಪಡೆದ ಪುಟ್ಟ ನಿಪ್ಪಲ್ ಇಂದಿಗೂ ಲಾರಿ, ಟ್ರ್ಯಾಕ್ಟರುಗಳಲ್ಲಿದೆ. ಅಮೆರಿಕದವರು ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ದುಬಾರಿ ಕಾರುಗಳಲ್ಲಿ ಒಂದೇ ಪೆಡಲು ತುಳಿದರೆ ಸಣ್ಣ ಕೊಳವೆಗಳ ಮೂಲಕ ಎಲ್ಲ ಕೀಲುಗಳಿಗೂ ಎಣ್ಣೆ ಹರಿಯುವ ಏರ್ಪಾಡೂ ಇತ್ತು. ಎಷ್ಟೇ ನಾಜೂಕು ಮಾಡಿದರೂ ಅದು ಕೀಲೆಣ್ಣೆಯೇ. ಹೊಸ ದಾರಿ ಬಂದದ್ದು ಎಣ್ಣೆಯ ಕಡೆಯಿಂದಲ್ಲ, ರಬ್ಬರಿನ ಕಡೆಯಿಂದ.

ಒಂದು ನಮೂನೆ ಕಡಲು ದಾಟಿದ್ದು

ರಬ್ಬರು ಯುರೋಪಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಬೇಸಿಗೆಯಲ್ಲಿ ಅಂಟು, ಚಳಿಗಾಲದಲ್ಲಿ ಕಲ್ಲು ಆಗುತ್ತಿದ್ದ ಆ ಪದಾರ್ಥವನ್ನು ನೆಚ್ಚಿ ಯಂತ್ರ ಕಟ್ಟುವಂತಿರಲಿಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿದ ರಬ್ಬರಿಗೆ ಬಿಸಿ ತಗುಲಿದರೆ ಅದು ಕರಗದೆ ಸ್ಥಿರವಾಗುವುದನ್ನು ಕಂಡ. ಸಾಲದಲ್ಲಿ ಮುಳುಗಿದ್ದ ಅವನು ಬಂಡವಾಳ ಹುಡುಕಿ ಹೊಸ ರಬ್ಬರಿನ ನಮೂನೆಗಳನ್ನು ಇಂಗ್ಲೆಂಡಿಗೆ ಕಳಿಸಿದ. 1842ರಲ್ಲಿ ಆ ತುಂಡುಗಳನ್ನು ಒಯ್ದವನು ಸ್ಟೀಫನ್ ಮೌಲ್ಟನ್ ಎಂಬ ಇಂಗ್ಲಿಷ್ ವ್ಯಾಪಾರಿ. ವಿಧಾನದ ಗುಟ್ಟನ್ನು ಗುಡ್‌ಇಯರ್ ಅವನಿಗೆ ಹೇಳಿರಲಿಲ್ಲ. ಆದರೆ ಒಂದು ತುಂಡು ಲಂಡನ್ನಿನ ಥಾಮಸ್ ಹ್ಯಾನ್‌ಕಾಕನ ಕೈಸೇರಿತು; ಮೇಲ್ಮೈಯಲ್ಲಿ ಗಂಧಕದ ಸುಳಿವು ಸಿಕ್ಕಿತು. ಸತತ ಪ್ರಯೋಗ ಮಾಡಿ ಗುಡ್‌ಇಯರನಿಗಿಂತ ಮೊದಲೇ, 1843ರ ಕೊನೆಯಲ್ಲಿ, ಅವನು ಇಂಗ್ಲೆಂಡಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿಬಿಟ್ಟ. ಗುಡ್‌ಇಯರನಿಗೆ ಅಮೆರಿಕದ ಪೇಟೆಂಟು ಸಿಕ್ಕಿದ್ದು 1844ರಲ್ಲಿ. 1860ರಲ್ಲಿ ಅವನು ಸತ್ತಾಗಲೂ ಸಾಲ ತೀರಿರಲಿಲ್ಲ. ಟೈರಿನ ಮೇಲೆ ಇಂದು ಅವನ ಹೆಸರಿದೆಯಾದರೂ ಆ ಕಂಪನಿ ಹುಟ್ಟಿದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ. ಅದಕ್ಕೂ ಅವನ ಮನೆತನಕ್ಕೂ ಸಂಬಂಧವಿಲ್ಲ.

ನಮೂನೆ ಹೊತ್ತು ತಂದ ಮೌಲ್ಟನ್ ಸುಮ್ಮನೆ ಕೂರಲಿಲ್ಲ. 1848ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಊರಿನಲ್ಲಿ ಹಾಳುಬಿದ್ದ ಉಣ್ಣೆ ಗಿರಣಿಯೊಂದನ್ನು ಕೊಂಡು ರಬ್ಬರು ಕಾರ್ಖಾನೆ ಮಾಡಿದ. ಮುಂದೆ 1891ರಲ್ಲಿ ಅದು ಜಾರ್ಜ್ ಸ್ಪೆನ್ಸರ್ ಕಂಪನಿಯೊಂದಿಗೆ ಕೂಡಿಕೊಂಡು ರೈಲು ಡಬ್ಬಿಗಳ ರಬ್ಬರು ಸ್ಪ್ರಿಂಗುಗಳಿಗೆ ಹೆಸರಾಯಿತು. ಈ ಮನೆತನವನ್ನು ಓದುಗರು ನೆನಪಿಟ್ಟುಕೊಂಡಿರಬೇಕು. ಕತೆ ಮತ್ತೆ ಅಲ್ಲಿಗೆ ಬರುತ್ತದೆ.

ಕಾರಿನ ಕೀಲಿಗೆ ರಬ್ಬರು ಹೊಕ್ಕಿದ್ದು 1920ರ ದಶಕದಲ್ಲಿ. ಫ್ರಾನ್ಸಿನಲ್ಲಿ ‘ಸೈಲೆಂಟ್‌ಬ್ಲಾಕ್’ ಎಂಬ ಹೆಸರಿನಲ್ಲಿ ಒಂದು ಕೀಲು ಮಾರುಕಟ್ಟೆಗೆ ಬಂತು. ಒಂದು ಉಕ್ಕಿನ ಕೊಳವೆ, ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ನಡುವೆ ಬಲವಂತವಾಗಿ ಹಿಗ್ಗಿಸಿ ಒತ್ತಿ ತುರುಕಿದ ರಬ್ಬರು. ಇಷ್ಟೇ. ಹೊರಗಿನ ಕೊಳವೆ ಒಂದು ಭಾಗಕ್ಕೆ, ಒಳಗಿನದು ಬೋಲ್ಟಿನ ಮೂಲಕ ಇನ್ನೊಂದು ಭಾಗಕ್ಕೆ. ಕೀಲು ಅಲುಗಿದಾಗ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ರಬ್ಬರೇ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಉಜ್ಜಾಟವೇ ಇಲ್ಲದ ಮೇಲೆ ಎಣ್ಣೆ ಏಕೆ? ಮರಳು ನುಗ್ಗಿ ಅರೆಯಲು ಸಂದಾದರೂ ಎಲ್ಲಿ? ಚಕ್ರ ಹುಟ್ಟಿದಂದಿನಿಂದ ನಡೆದು ಬಂದ ಲೆಕ್ಕವನ್ನು ತಪ್ಪಿಸಿಕೊಂಡ ಕೀಲು ಇದು. ಹೆಸರು ಎಷ್ಟು ಹಬ್ಬಿತೆಂದರೆ ಫ್ರೆಂಚಿನಲ್ಲೂ ರಷ್ಯನ್ನಿನಲ್ಲೂ ಇಂದಿಗೂ ರಬ್ಬರು ಬುಷ್‌ಗೆ ಸೈಲೆಂಟ್‌ಬ್ಲಾಕ್ ಎಂದೇ ಹೆಸರು. ನಮ್ಮಲ್ಲಿ ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ.

ರಬ್ಬರಿನ ಒಂದು ಗುಣ ಇಲ್ಲಿ ವಿಶೇಷವಾಗಿ ಒದಗಿ ಬಂತು. ಅದು ತಿರುಚಲು, ಓರೆಯಾಗಿ ಜಾರಿಸಲು ಮೆದು. ಆದರೆ ಗೋಡೆಗಳ ನಡುವೆ ಕೂಡಿಹಾಕಿ ಹಿಂಡಿದರೆ ನೀರಿನ ಹಾಗೆ, ಕುಗ್ಗಲು ಒಪ್ಪುವುದಿಲ್ಲ. ಆದ್ದರಿಂದ ಬುಷ್ ತಿರುಗುವ ದಿಕ್ಕಿನಲ್ಲಿ ಸಡಿಲ, ಭಾರ ಹೊರುವ ದಿಕ್ಕಿನಲ್ಲಿ ಬಿಗಿ. ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದನ್ನು ರಬ್ಬರಿನ ದಪ್ಪ, ಉದ್ದ, ಬೆರಕೆ, ನಡುವೆ ಬಿಟ್ಟ ಖಾಲಿ ಜಾಗಗಳಿಂದ ಎಂಜಿನಿಯರು ತನಗೆ ಬೇಕಾದಂತೆ ನಿಗದಿ ಮಾಡಬಹುದು. ಜೊತೆಗೆ ಕಂಚಿನ ಬಳೆ ಎಂದೂ ಮಾಡದ ಒಂದು ಕೆಲಸವನ್ನು ಇದು ಮಾಡಿತು. ರಸ್ತೆಯ ಸಣ್ಣ ನಡುಕ ಮೈಗೆ ಏರದಂತೆ ತಡೆಯಿತು.

ಮೌನವನ್ನು ಮಾರಬಹುದು ಎಂಬುದು ಕಾರು ಕಂಪನಿಗಳಿಗೆ ಬೇಗ ಹೊಳೆಯಿತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಅಗ್ಗದ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿ ‘ತೇಲುವ ಶಕ್ತಿ’ ಎಂಬರ್ಥದ ಹೆಸರಿಟ್ಟಿತು. ಮರುವರ್ಷ ಫ್ರಾನ್ಸಿನ ಸಿಟ್ರೊಯೆನ್ ಅದರ ಹಕ್ಕು ಪಡೆದು ತನ್ನ ಕಾರುಗಳಿಗೆ ತೇಲುವ ಹಂಸದ ಲಾಂಛನ ಹಾಕಿತು. ನಾಲ್ಕು ಸಿಲಿಂಡರಿನ ಎಂಜಿನ್ನು ನಡುಗುವುದು ಅದರ ಹುಟ್ಟುಗುಣ. ರಬ್ಬರು ಆ ನಡುಕವನ್ನು ನಿಲ್ಲಿಸಲಿಲ್ಲ, ಕೂತವರಿಂದ ಬಚ್ಚಿಟ್ಟಿತು ಅಷ್ಟೆ. ಬುಷ್‌ನ ಇಡೀ ಚರಿತ್ರೆಗೂ ಈ ಮಾತು ಒಪ್ಪುತ್ತದೆ.

ಎರಡನೆಯ ಮಹಾಯುದ್ಧದ ನಂತರ ಇನ್ನೊಂದು ಒತ್ತಡ ಬಂತು. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟು ಮಾಡಿ 1949ರಿಂದ ಮಾರಿದ ರೇಡಿಯಲ್ ಟೈರು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತಿತ್ತು, ಹೆಚ್ಚು ಕಾಲ ಬಾಳುತ್ತಿತ್ತು. ಆದರೆ ಅದರ ಉಕ್ಕಿನ ಪಟ್ಟಿಯಿಂದಾಗಿ ನಿಧಾನ ವೇಗದಲ್ಲಿ ಕಲ್ಲು, ಸಂದುಗಳ ಹೊಡೆತ ನೇರ ಮೇಲೆ ಬಂತು. ಹೊಡೆತ ಬಿದ್ದಾಗ ಚಕ್ರ ಕೂದಲೆಳೆಯಷ್ಟು ಹಿಂದಕ್ಕೆ ಸರಿಯಲು ಅವಕಾಶ ಕೊಟ್ಟರೆ ಪೆಟ್ಟು ಮೆತ್ತಗಾಗುತ್ತದೆ. ಆ ಅವಕಾಶವನ್ನು ಕೊಡಬಲ್ಲದ್ದು ಬುಷ್ ಒಂದೇ. ಅಲ್ಲಿಂದ ಬುಷ್ ಬರೀ ಎಣ್ಣೆ ಬೇಡದ ಕೀಲಾಗಿ ಉಳಿಯಲಿಲ್ಲ. ಚಕ್ರ ಯಾವಾಗ ಎಷ್ಟು ಓರೆಯಾಗಬೇಕು ಎಂಬ ಲೆಕ್ಕಾಚಾರದ ಭಾಗವಾಯಿತು. ಪೋರ್ಷೆ ಕಂಪನಿ 1977ರ ತನ್ನ 928 ಕಾರಿಗೆ ಮಾಡಿದ, ‘ವೈಸಾಖ್’ ಊರಿನ ಹೆಸರು ಹೊತ್ತ ಹಿಂಬದಿಯ ಏರ್ಪಾಡು ಇದಕ್ಕೆ ಪ್ರಸಿದ್ಧ ಉದಾಹರಣೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಜಾರಿ ಸುತ್ತಿಬಿಡುವ ಅಪಾಯವಿದೆ. 928ರಲ್ಲಿ ಹಾಗೆ ಬಿಟ್ಟೊಡನೆ ಕೀಲುಗಳ ಬೇಕೆಂದೇ ಇಟ್ಟ ಸಡಿಲಿನಿಂದ ಹಿಂದಿನ ಚಕ್ರ ತುಸು ಒಳಮುಖವಾಗಿ ತಿರುಗಿ ಕಾರನ್ನು ಸ್ಥಿರವಾಗಿಡುತ್ತಿತ್ತು. ಸಡಿಲುತನವೇ ಇಲ್ಲಿ ಕಾವಲುಗಾರ.

ಒಂದೇ ಕಾರಿನಲ್ಲಿ ಎರಡು ಕಾಲ

ಇನ್ನು ಮೌಲ್ಟನ್ ಮನೆತನಕ್ಕೆ ಮರಳಬಹುದು. ನಮೂನೆ ತಂದ ಸ್ಟೀಫನ್ನನ ಮರಿಮಗ ಅಲೆಕ್ಸ್ ಮೌಲ್ಟನ್ ಎಂಜಿನಿಯರು. ಮನೆತನದ ಕಾರ್ಖಾನೆಯಲ್ಲಿ ರಬ್ಬರಿನ ಸ್ಪ್ರಿಂಗುಗಳ ಗುಂಗು ಹಚ್ಚಿಕೊಂಡವರು. ಬುಷ್‌ನ ತತ್ವವನ್ನೇ ಹಿಗ್ಗಿಸಿ, ಎರಡು ಕೊಳವೆಗಳ ನಡುವಿನ ರಬ್ಬರನ್ನು ತಿರುಚಿ ಅದರಿಂದಲೇ ಇಡೀ ಗಾಡಿಯ ಭಾರ ಹೊರಿಸುವ ‘ಫ್ಲೆಕ್ಸಿಟರ್’ ಅಲ್ಲಿ ತಯಾರಾಗಿ, 1958ರ ಆಸ್ಟಿನ್ ಜಿಪ್ಸಿ ಜೀಪಿಗೆ ಬಂತು. ಅದು ಹೆಚ್ಚು ಬಾಳಲಿಲ್ಲ; ಜಿಪ್ಸಿ ಪಟ್ಟಿ ಸ್ಪ್ರಿಂಗಿನ ಹಾದಿ ಹಿಡಿಯಿತು. ಆದರೆ ಅಷ್ಟರಲ್ಲಿ ಮೌಲ್ಟನ್ ಅವರ ಗೆಳೆಯ ಅಲೆಕ್ ಇಸಿಗೋನಿಸ್‌ಗೆ ಒಂದು ತುರ್ತು ಕೆಲಸ ಬಂದಿತ್ತು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ತತ್ವಾರ. ತೀರ ಸಣ್ಣ, ನಾಲ್ಕು ಜನ ಕೂರುವ ಕಾರು ಬೇಕು.

1959ರ ಆಗಸ್ಟಿನಲ್ಲಿ ಹೊರಬಂದ ಮಿನಿ ಆ ಕಾರು. ಅದರ ಚಕ್ರ 10 ಅಂಗುಲದ್ದು. ಮಾಮೂಲಿ ಸುರುಳಿ ಸ್ಪ್ರಿಂಗಿಗೆ ಜಾಗವೇ ಇಲ್ಲ. ಮೌಲ್ಟನ್ ಕೊಟ್ಟ ಉತ್ತರ ಒಂದು ರಬ್ಬರಿನ ಶಂಕು. ಚಕ್ರದ ಚಲನೆಯನ್ನು ಮೀಟುಗೋಲಿನಿಂದ ಕುಗ್ಗಿಸಿ, ಕಹಳೆಯ ಆಕಾರದ ಒಂದು ಕಂಬದ ಮೂಲಕ ಆ ಶಂಕುವಿಗೆ ಒತ್ತಲಾಗುತ್ತದೆ. ಒತ್ತಿದಷ್ಟೂ ರಬ್ಬರು ಬಿಗಿಯಾಗುತ್ತ ಹೋಗುತ್ತದೆ. ಹಗುರ ಕಾರಿಗೆ ಇದು ಹೇಳಿ ಮಾಡಿಸಿದ್ದು. ಒಬ್ಬನೇ ಕೂತಾಗಲೂ ನಾಲ್ವರು ತುಂಬಿದಾಗಲೂ ಅದು ತೀರ ಕುಸಿಯುವುದಿಲ್ಲ. ನಮೂನೆ ಹೊತ್ತು ಮುತ್ತಜ್ಜ ಇಂಗ್ಲೆಂಡಿನಲ್ಲಿ ಇಳಿದ 117 ವರ್ಷಗಳ ಮೇಲೆ ಮರಿಮಗನ ರಬ್ಬರು ಬೀದಿಗಿಳಿಯಿತು.

ಮಿನಿಯ ಕೆಳಭಾಗ ಕೀಲುಗಳ ಒಂದು ವಸ್ತುಸಂಗ್ರಹಾಲಯ. ಹಿಂದಿನ ತೋಳು ತಿರುಗುವುದು ಒಂದು ಕಡೆ ಸೂಜಿ ಬೇರಿಂಗಿನ ಮೇಲೆ, ಇನ್ನೊಂದು ಕಡೆ ಹಳೆಯ ಕಾಲದ ಕಂಚಿನ ಬಳೆಯ ಮೇಲೆ. ಅದಕ್ಕೊಂದು ಗ್ರೀಸ್ ನಿಪ್ಪಲ್ ಉಂಟು. ಮರೆತವರ ಕಾರಿನಲ್ಲಿ ಕಂಚು ಸವೆದು ಚಕ್ರ ಓರೆಯಾಗುತ್ತದೆ. ಮುಂದಿನ ಕೆಳತೋಳಿನ ಕೀಲು ಮಾತ್ರ ರಬ್ಬರಿನದು. ಆ ತೋಳು ಹಿಂದಕ್ಕೆ ಸರಿಯದಂತೆ ಮುಂದಿನಿಂದ ಎಳೆದು ಹಿಡಿಯುವ ಒಂದು ಸರಳಿದೆ. ಅದರ ತುದಿಯಲ್ಲೂ ರಬ್ಬರಿನ ಬಿಲ್ಲೆಗಳು. ಈ ಬಿಲ್ಲೆ ಜಜ್ಜಿಹೋದರೆ ಬ್ರೇಕು ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ಸ್ಟೀರಿಂಗು ಎಳೆಯುತ್ತದೆ. ಮಿನಿ ಇಟ್ಟುಕೊಂಡವರು ಮೊದಲು ಬದಲಿಸುವ ಬುಷ್‌ಗಳ ಸಾಲಿನಲ್ಲಿ ಇದಿದೆ.

ಇಲ್ಲಿಯೇ ಒಂದು ಸ್ವಾರಸ್ಯ. ಮುಂದಿನ ಚಕ್ರ, ಎಂಜಿನ್ನು ಎಲ್ಲವನ್ನೂ ಹೊತ್ತ ಉಪಚೌಕಟ್ಟನ್ನು 1959ರಲ್ಲಿ ಕಾರಿನ ಮೈಗೆ ನೇರವಾಗಿ ಬೋಲ್ಟು ಮಾಡಿ ಬಿಗಿದಿದ್ದರು. ಕಾರು ಚುರುಕಾಗಿತ್ತು, ಗದ್ದಲವೂ ಇತ್ತು. ಜಾನ್ ಕೂಪರ್ ಹೆಸರಿನ ಮಿನಿಗಳು 1964, 1965 ಮತ್ತು 1967ರ ಮಾಂಟೆಕಾರ್ಲೊ ರ್‍ಯಾಲಿಗಳನ್ನು ಗೆದ್ದದ್ದು ಇಂಥ ಬಿಗಿ ಮೈಯಲ್ಲೇ. ಕಾಲ ಸರಿದಂತೆ ಕೊಳ್ಳುವವರು ಮೌನ ಬಯಸಿದರು. 1976ರಲ್ಲಿ ಕಂಪನಿ ಉಪಚೌಕಟ್ಟಿಗೂ ಮೈಗೂ ನಡುವೆ ರಬ್ಬರು ಇಟ್ಟಿತು. ಸದ್ದು ತಗ್ಗಿತು, ಸ್ಟೀರಿಂಗಿನ ನಿಖರತೆಯೂ ಕೊಂಚ ತಗ್ಗಿತು. ಆ ರಬ್ಬರು ಹಳತಾದ ಮೇಲೆ ಎಷ್ಟೋ ಮಾಲೀಕರು ಅದನ್ನು ಕಿತ್ತು ಹೊರಗಿನ ತಯಾರಕರ ಗಟ್ಟಿ ಲೋಹದ ತುಂಡುಗಳನ್ನು ಹಾಕಿಸತೊಡಗಿದರು. ಅದನ್ನು ಮಾರುವವರು ಸುಧಾರಣೆ ಎನ್ನುತ್ತಾರೆ. ಹಾಗೆ ನೋಡಿದರೆ ಅದು 1959ಕ್ಕೆ ಮರಳುವುದು. 1976ರಲ್ಲಿ ಕಂಪನಿ ಮಾಡಿದ್ದನ್ನೂ ಆಗ ಸುಧಾರಣೆಯೆಂದೇ ಕರೆದಿರಬೇಕು.

ಬಣ್ಣದ ಬುಷ್

ಗಟ್ಟಿ ಬುಷ್‌ಗಳ ಮೂಲದ್ರವ್ಯ ಪಾಲಿಯುರಿಥೇನ್ ಜರ್ಮನಿಯ ಲೆವರ್ಕೂಸನ್‌ನಲ್ಲಿ 1937ರಲ್ಲಿ ಹುಟ್ಟಿತು. ಕಂಡುಹಿಡಿದವನು ಆಟೊ ಬಾಯರ್. ಔಷಧಿಗೆ ಹೆಸರಾದ ಬಾಯರ್ ಕಂಪನಿಯ ಸ್ಥಾಪಕರಿಗೂ ಅವನಿಗೂ ನೆಂಟಸ್ತನವಿಲ್ಲ, ಹೆಸರಷ್ಟೇ ಒಂದು. ಹಾಸಿಗೆಯ ಫೋಮಿನಿಂದ ಚಪ್ಪಲಿಯ ಅಟ್ಟೆಯವರೆಗೆ ನಾನಾ ಅವತಾರ ಎತ್ತಿದ ಈ ವಸ್ತು 1970ರ ದಶಕದಲ್ಲಿ ಅಮೆರಿಕದ ಹುಡುಗರ ಸ್ಕೇಟ್‌ಬೋರ್ಡಿನ ಗಾಲಿಯಾಗಿ ಆ ಆಟಕ್ಕೆ ಮರುಹುಟ್ಟು ಕೊಟ್ಟಿತು. ಬುಷ್‌ಗೂ ಅದು ಹೊಂದಿತು. ಅಚ್ಚಿಗೆ ಸುರಿದು ಸಣ್ಣ ಸಂಖ್ಯೆಯಲ್ಲಿ ಮಾಡಬಹುದಾದ್ದರಿಂದ ಭಾರೀ ಕಾರ್ಖಾನೆ ಬೇಕಿಲ್ಲ. ಕಂಪನಿ ಬಿಡಿಭಾಗ ನಿಲ್ಲಿಸಿದ ಹಳೆಯ ಕಾರುಗಳಿಗೆ ಇದೊಂದು ವರವೇ ಆಯಿತು. ಆಸ್ಟ್ರೇಲಿಯಾದ ನೋಲಥೇನ್, ಅಮೆರಿಕದ ಎನರ್ಜಿ ಸಸ್ಪೆನ್ಷನ್, ಬ್ರಿಟನ್ನಿನ ಪವರ್‌ಫ್ಲೆಕ್ಸ್ ಮುಂತಾದ ಹೆಸರುಗಳು ಹೀಗೆ ಬೆಳೆದವು.

ಇದರ ಗುಣಗಳು ಸುಳ್ಳಲ್ಲ. ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ರಬ್ಬರು ಬುಷ್ ಸಾಮಾನ್ಯವಾಗಿ 50ರಿಂದ 65ರ ಆಸುಪಾಸಿನಲ್ಲಿದ್ದರೆ ಪಾಲಿಯುರಿಥೇನ್ 75ರಿಂದ 95ರವರೆಗೆ ಹೋಗುತ್ತದೆ. ಎಂಜಿನ್ ಎಣ್ಣೆ ಸೋರಿ ಬಿದ್ದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಇದು ಜಗ್ಗುವುದಿಲ್ಲ. ಗಾಳಿಯ ಓಝೋನಿನಿಂದ ರಬ್ಬರಿನ ಮೈಮೇಲೆ ಬೀಳುವ ಬಿರುಕೂ ಇದಕ್ಕಿಲ್ಲ. ಅಳವಡಿಕೆಯೂ ಸಲೀಸು: ರಬ್ಬರು ಬುಷ್ ಕೂರಿಸಲು ಪ್ರೆಸ್ ಬೇಕು, ಇದು ಎರಡು ಹೋಳಾಗಿ ಬರುವುದರಿಂದ ಕೈಯಲ್ಲೇ ಒತ್ತಬಹುದು. ಸ್ಟೀರಿಂಗು ತಿರುಗಿಸಿದೊಡನೆ ಕಾರು ಒಪ್ಪುತ್ತದೆ ಎಂದು ಹಾಕಿಸಿದವರು ಹೇಳುವುದು ಭ್ರಮೆಯೇನಲ್ಲ.

ಆದರೆ ಆ ಎರಡು ಹೋಳುಗಳಲ್ಲೇ ವಿಷಯವಿದೆ. ರಬ್ಬರು ಉಕ್ಕಿಗೆ ಅಂಟಿಕೊಂಡು ತಾನೇ ತಿರುಚಿಕೊಳ್ಳುತ್ತಿತ್ತು. ಪಾಲಿಯುರಿಥೇನ್ ಬುಷ್‌ನಲ್ಲಿ ಸಾಮಾನ್ಯವಾಗಿ ಒಳಗಿನ ಉಕ್ಕಿನ ತೋಳು ಬುಷ್‌ನ ಮೈಯಲ್ಲಿ ಜಾರಿ ತಿರುಗುತ್ತದೆ. ಜಾರುವಿಕೆ ಎಂದರೆ ಉಜ್ಜಾಟ. ಆದ್ದರಿಂದಲೇ ಬುಷ್‌ನ ಪೊಟ್ಟಣದ ಜೊತೆ ಗ್ರೀಸಿನ ಒಂದು ಪುಟ್ಟ ಚೀಲವೂ ಬರುತ್ತದೆ. ಮಳೆಗಾಲ ಕಳೆದು ಅದು ತೊಳೆದುಹೋದರೆ ಕಾರು ಹಂಪಿನ ಮೇಲೆ ಕಿರುಗುಟ್ಟುತ್ತದೆ. ಕೆಲವು ತಯಾರಕರು ಬುಷ್‌ನ ವಸ್ತುವಿನಲ್ಲೇ ಗ್ರಾಫೈಟು ಬೆರೆಸುತ್ತಾರೆ. ಇನ್ನು ಕೆಲವು ತೋಳುಗಳಲ್ಲಿ ಗ್ರೀಸ್ ನಿಪ್ಪಲೇ ಮರಳಿ ಬಂದಿದೆ. ಆಸ್ಕರ್ ಜರ್ಕ್ ಕಂಡಿದ್ದರೆ ನಗುತ್ತಿದ್ದ.

ಕಿರುಗುಟ್ಟುವುದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಎಷ್ಟೋ ಕಾರುಗಳಲ್ಲಿ ಬುಷ್ ತಿರುಗುವುದಷ್ಟೇ ಅಲ್ಲ, ಎಲ್ಲ ದಿಕ್ಕಿಗೂ ಓಲಾಡಬೇಕೆಂದು ಎಂಜಿನಿಯರು ಎಣಿಸಿರುತ್ತಾನೆ. 1979ರಿಂದ ಬಂದ ಅಮೆರಿಕದ ಫೋರ್ಡ್ ಮಸ್ಟಾಂಗ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅದರ ಹಿಂದಿನ ಅಚ್ಚನ್ನು ನಾಲ್ಕು ತೋಳುಗಳು ಹಿಡಿದಿವೆ. ಮೇಲಿನ ಎರಡು ಓರೆಯಾಗಿವೆ. ಕಾರು ಒಂದು ಕಡೆಗೆ ವಾಲಿದಾಗ ಈ ನಾಲ್ಕೂ ಜ್ಯಾಮಿತಿಯ ಪ್ರಕಾರ ಒಂದರ ದಾರಿಗೊಂದು ಅಡ್ಡ ಬರುತ್ತವೆ. ಮೆದು ರಬ್ಬರು ಬಾಗಿ ಬಿಟ್ಟುಕೊಡುವುದರಿಂದ ವ್ಯವಹಾರ ನಡೆಯುತ್ತದೆ. ಮೇಲಿನ ತೋಳುಗಳಿಗೆ ಗಟ್ಟಿ ಬುಷ್ ಹಾಕಿದರೆ ಅಚ್ಚು ಸೆಟೆದು ನಿಲ್ಲುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ತೋಳಿಗೆ ಲಾಭವಾದದ್ದೇ ಮೇಲಿನ ತೋಳಿಗೆ ಅಪಾಯ. ಅದೇ ಕಾರು, ಅದೇ ಪೊಟ್ಟಣ.

ಪೆಟ್ಟಿನ ಲೆಕ್ಕವೂ ಇದೆ. ರಬ್ಬರು ನುಂಗುತ್ತಿದ್ದ ಹೊಡೆತ ಗಟ್ಟಿ ಬುಷ್‌ನಲ್ಲಿ ಮಾಯವಾಗುವುದಿಲ್ಲ, ಮುಂದಿನ ಭಾಗಕ್ಕೆ ದಾಟುತ್ತದೆ. ಹೊಸ ಕಾರಿನ ಮೈ ಅದನ್ನು ತಡೆದೀತು. ನಲವತ್ತು ವರ್ಷದ, ತುಕ್ಕು ಹಿಡಿದ ಉಪಚೌಕಟ್ಟು ತಡೆದೀತೆಂದು ಹೇಳಲಾಗದು.

ನಮ್ಮ ರಸ್ತೆಗಳಲ್ಲಿ

ಭಾರತದಲ್ಲಿ ಈ ಎರಡೂ ಕಾಲಗಳು ದೀರ್ಘಕಾಲ ಒಟ್ಟೊಟ್ಟಿಗೆ ಬದುಕಿದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯಿಂದ ಬಂದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದಕ್ಕೆ ಆಗಾಗ ‘ಗ್ರೀಸು ಹೊಡೆಸುವುದು’ ಎಣ್ಣೆ ಬದಲಿಸುವಷ್ಟೇ ವಾಡಿಕೆಯ ಕೆಲಸ. ಜೀಪಿನ ಶ್ಯಾಕಲ್‌ಗಳಿಗೂ ಅಷ್ಟೆ. 1983ರ ಕೊನೆಗೆ ಮಾರುತಿ 800 ಬಂದಾಗ ಗ್ರೀಸ್ ಗನ್ನು ಹಿಡಿದು ನಿಂತ ಹುಡುಗನಿಗೆ ಕೆಲಸ ಕಡಿಮೆಯಾಯಿತು. ಬದಲಿಗೆ ಬುಷ್ ಬದಲಿಸುವ ಕೆಲಸ ಬಂತು. ಗ್ರೀಸಿನ ಕೀಲು ಹೊಟ್ಟೆಗೆ ಕೇಳುತ್ತಿತ್ತು, ಕೊಟ್ಟರೆ ಬಾಳುತ್ತಿತ್ತು. ರಬ್ಬರಿನ ಕೀಲು ಏನೂ ಕೇಳದೆ ಒಂದು ದಿನ ಸುಮ್ಮನೆ ಹರಿದು ಹೋಗುತ್ತದೆ. ಗುಂಡಿಗಳಿಗೂ ಹಂಪುಗಳಿಗೂ ಬರವಿಲ್ಲದ ನಮ್ಮ ರಸ್ತೆಗಳಲ್ಲಿ ಆ ದಿನ ಬೇಗ ಬರುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಬುಷ್ ಕೇಳಿದರೆ ‘ಒರಿಜಿನಲ್ಲಾ, ಲೋಕಲ್ಲಾ?’ ಎಂಬ ಪ್ರಶ್ನೆ ಸಹಜ. ಗಟ್ಟಿ ಬುಷ್‌ನ ಅಪ್‌ಗ್ರೇಡಿಗಿಂತ ಕಳಪೆ ರಬ್ಬರಿನ ನಕಲು ನಮ್ಮಲ್ಲಿ ಹೆಚ್ಚು ದೊಡ್ಡ ಸಮಸ್ಯೆ ಎನ್ನಬೇಕು. ಹೊರನೋಟಕ್ಕೆ ಎರಡೂ ಕಪ್ಪು. ಬೆರಕೆಯಲ್ಲಿ ಹಳೆಯ ರಬ್ಬರಿನ ಪುಡಿ ಎಷ್ಟು, ಬಿರುಕು ತಡೆಯುವ ರಾಸಾಯನಿಕ ಎಷ್ಟು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಬುಷ್‌ಗೆ ಇಂದಿಗೂ ನೈಸರ್ಗಿಕ ರಬ್ಬರೇ ಮೇಲು. ಸಾವಿರಾರು ಸಲ ತಿರುಚಿದರೂ ಹರಿಯದೆ ತಡೆಯುವ ಶಕ್ತಿಯಲ್ಲಿ ಹೆಚ್ಚಿನ ಕೃತಕ ರಬ್ಬರುಗಳು ಅದನ್ನು ಮುಟ್ಟಿಲ್ಲ. ಅದನ್ನು ಬೆಳೆಯುವ ಕೈಗಳಲ್ಲಿ ಕರ್ನಾಟಕದವೂ ಇವೆ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಹಾಲು ಇಳಿಸಿದವರು ಬಹುಪಾಲು 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು. ಬ್ರೆಜಿಲಿನಿಂದ 1876ರಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ಬಂದ ಬೀಜಗಳ ಸಸಿಗಳು ಸಿಂಹಳಕ್ಕೆ ಹೋದವು. ಅಲ್ಲಿನ ತೋಟಗಳಿಗೆ ಹೋದ ಕೂಲಿಗಳ ಮೊಮ್ಮಕ್ಕಳು ಇಲ್ಲಿ ರಬ್ಬರು ಮರದ ಬುಡಕ್ಕೇ ಬಂದು ನಿಂತರು.

ಯಾವ ಬುಷ್ ಹಾಕಿಸಿದರೂ ಅದರ ಆಯುಷ್ಯವನ್ನು ಎಷ್ಟೋ ಸಲ ನಿರ್ಧರಿಸುವುದು ಮೆಕ್ಯಾನಿಕ್ಕಿನ ಐದು ನಿಮಿಷದ ತಾಳ್ಮೆ. ಅಂಟಿಸಿದ ರಬ್ಬರಿನ ಬುಷ್ ಹಾಕುವಾಗ ಕಾರು ಜಾಕಿನ ಮೇಲೆ ನೇತಾಡುತ್ತಿರುತ್ತದೆ. ಚಕ್ರ ಕೆಳಗೆ ಜೋತಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟು ಬಿಗಿದರೆ ರಬ್ಬರು ಅದನ್ನೇ ತನ್ನ ಸಹಜ ಭಂಗಿಯೆಂದು ಹಿಡಿಯುತ್ತದೆ. ಕಾರನ್ನು ಕೆಳಗಿಳಿಸಿದೊಡನೆ ತಿರುಚಿಕೊಳ್ಳುತ್ತದೆ, ನಿಂತಲ್ಲೂ ಓಡುವಾಗಲೂ ಹಾಗೆಯೇ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರನ್ನು ನೆಲಕ್ಕಿಳಿಸಿ, ನಾಲ್ಕು ಸಲ ಅಮುಕಿ ಬಿಟ್ಟು, ಚಕ್ರದ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಕೊನೆಯ ಬಿಗಿತ ಕೊಡಬೇಕು. ಜಾರಿ ತಿರುಗುವ ಪಾಲಿಯುರಿಥೇನ್‌ಗೆ ಈ ನಿಯಮ ಅಷ್ಟಾಗಿ ತಟ್ಟುವುದಿಲ್ಲ. ಅದರ ಬೇಡಿಕೆ ಗ್ರೀಸು. ಹೊಸ ಬುಷ್ ಹಾಕಿದ ಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಉಳಿಸಿದ ದುಡ್ಡು ಟೈರಿಗೆ ಹೋಗುತ್ತದೆ.

ಹಳೆಯ ಮಿನಿಯ ತಯಾರಿಕೆ 2000ದ ಅಕ್ಟೋಬರಿನಲ್ಲಿ ನಿಂತಿತು. ಅಷ್ಟು ಹೊತ್ತಿಗೆ ಸುಮಾರು 53 ಲಕ್ಷ ಕಾರುಗಳು ಹೊರಬಂದಿದ್ದವು. ಇಸಿಗೋನಿಸ್ 1988ರಲ್ಲಿ, ಮೌಲ್ಟನ್ 2012ರಲ್ಲಿ ತೀರಿಕೊಂಡರು. ರಬ್ಬರಿನ ಶಂಕು ಮಾತ್ರ ಇನ್ನೂ ಹೊಸದಾಗಿ ತಯಾರಾಗುತ್ತಿದೆ. ಹಳೆಯದು ಕುಸಿದು ಕಾರು ತಗ್ಗಿದಾಗ ಬದಲಿಸಬೇಕಲ್ಲ. ಅದರ ಬದಲು ಉಕ್ಕಿನ ಸುರುಳಿ ಹಾಕಿಸಿಕೊಳ್ಳುವವರೂ ಇದ್ದಾರೆ. 2001ರಲ್ಲಿ ಬಿಎಂಡಬ್ಲ್ಯು ಕಂಪನಿ ಅದೇ ಹೆಸರಿನಲ್ಲಿ ತಂದ ಹೊಸ ಮಿನಿ ಪೂರ್ತಿ ಬೇರೆಯೇ ಕಾರು. ಆದರೆ ಅದರ ಮುಂದಿನ ಕೆಳತೋಳಿನ ಹಿಂಬದಿಯ ಬುಷ್ ಹರಿಯುತ್ತದೆ, ಬ್ರೇಕು ಒತ್ತಿದಾಗ ಸ್ಟೀರಿಂಗು ಎಳೆಯುತ್ತದೆ, ಗ್ಯಾರೇಜಿನಲ್ಲಿ ಕಪ್ಪು ಬುಷ್ ಒಂದು ಕೈಯಲ್ಲಿ ನೇರಳೆ ಬುಷ್ ಇನ್ನೊಂದು ಕೈಯಲ್ಲಿ ಹಿಡಿದು ಯಾವುದು ಹಾಕಲಿ ಎಂದು ಕೇಳುವವನು ಅಲ್ಲಿಯೂ ಇದ್ದಾನೆ.